ಕನ್ನಡ ಅಕ್ಷರ ಒಡೆದಾಗ: ಮೊದಲು ಒಡಕು ನೋಡಿ, ಆಮೇಲೆ ಫಾಂಟ್ ಮುಟ್ಟಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಡಿಸೈನ್ ಕೆಲಸ ಮಾಡುವವರಿಗೆ ಈ ಫೋನ್ ಹೊಸದಲ್ಲ. "ಸರ, ನೀವು ಕಳಿಸಿದ ಫೈಲ್‌ನ್ಯಾಗ ಅಕ್ಷರ ಒಡದಾವ್ರಿ." ನಾವು ತಕ್ಷಣ ಹೇಳುವ ಉತ್ತರವೂ ಹಳೆಯದೇ: "ನಮ್ಮ ಕಂಪ್ಯೂಟರ್‌ನ್ಯಾಗ ಬರೋಬರಿ ಐತಲ್ರಿ." ಇಬ್ಬರು ಹೇಳುವುದೂ ಖರೆ. ಆಮೇಲೆ ಫಾಂಟ್ ಫೈಲ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು, ಅದನ್ನು ಹಾಕುವುದು, ಮತ್ತೆ ತೆಗೆಯುವುದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡುವುದು ಶುರುವಾಗುತ್ತದೆ. ಅಷ್ಟರಲ್ಲಿ ಜಾತ್ರೆಯ ಬ್ಯಾನರ್ ಕಟ್ಟುವ ಹೊತ್ತು ಬಂದಿರುತ್ತದೆ.

ಈ ಗಡಿಬಿಡಿ ಬಹಳ ಸಲ ಬೇಕಾಗಿಲ್ಲ. ಅಕ್ಷರ ಹೇಗೆ ಒಡೆದಿದೆ ಎಂಬುದರಲ್ಲೇ ದೋಷ ಎಲ್ಲಿದೆ ಎಂಬ ಸುಳಿವು ಇರುತ್ತದೆ. ಇಂಗ್ಲಿಷ್ ಗೀಚಿನಂತೆ ಕಾಣುವುದು ಒಂದು ರೋಗ. ಡಬ್ಬಿ ಡಬ್ಬಿಯಾಗಿ ಕಾಣುವುದು ಇನ್ನೊಂದು. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತರೆ ಅದು ಮೂರನೆಯದು. ಒಂದರ ಔಷಧ ಇನ್ನೊಂದಕ್ಕೆ ತಾಗುವುದಿಲ್ಲ. ಹಾಗಾಗಿ ಯಾರಾದರೂ ಫೋನ್ ಮಾಡಿದರೆ ನನ್ನ ಮೊದಲ ಮಾತು "ಒಂದು ಸ್ಕ್ರೀನ್‌ಶಾಟ್ ಕಳಿಸಿ" ಅಂತ. ಫಾಂಟ್ ಮಾತು ಆಮೇಲೆ.

ಒಂದು ಕನ್ನಡ ಪದ ಕೀಬೋರ್ಡ್‌ನಿಂದ ಫ್ಲೆಕ್ಸ್‌ವರೆಗೆ ಹೋಗುವ ದಾರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಟೈಪ್ ಮಾಡಿದಾಗ ಪ್ರತಿ ಅಕ್ಷರಕ್ಕೆ ಒಂದು ಸಂಕೇತ ಸಿಗುತ್ತದೆ. ಆ ಸಂಕೇತ ಫೈಲ್, ಡೇಟಾಬೇಸ್, ಮೇಲ್ ಎಂದು ಸುತ್ತುತ್ತದೆ. ಆಮೇಲೆ ಸಾಫ್ಟ್‌ವೇರ್ ಒಳಗಿನ ಒಂದು ಎಂಜಿನ್ ಸಂಕೇತಗಳನ್ನು ಗುಣಿತ, ಒತ್ತು ಎಂದು ಜೋಡಿಸುತ್ತದೆ. ಆ ಎಂಜಿನ್ ಕೇಳಿದ ಆಕಾರವನ್ನು ಫಾಂಟ್ ಕೊಡುತ್ತದೆ. ಕೊನೆಗೆ ಪ್ರಿಂಟರೋ ಬ್ರೌಸರೋ ಅದನ್ನು ಬರೆಯುತ್ತದೆ. ಐದು ಹಂತಗಳಲ್ಲಿ ಫಾಂಟ್ ನಾಲ್ಕನೆಯದು. ಬೈಗುಳ ಮಾತ್ರ ಪೂರ್ತಿ ಅದಕ್ಕೇ!

ಈಗ ಅಕ್ಷರದ ಬಗ್ಗೆ ಎಚ್ಚರ ವಹಿಸಲು ಇನ್ನೂ ಒಂದು ಕಾರಣ ಸೇರಿದೆ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅಂಗಡಿ ಬೋರ್ಡ್‌ನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮೂಲೆಯಲ್ಲಿ ಸಣ್ಣಗೆ ಇದ್ದಾಗ ಯಾರೂ ನೋಡದ ತಪ್ಪು ಈಗ ಅಡಿಗಟ್ಟಲೆ ಎತ್ತರದಲ್ಲಿ ನಿಲ್ಲುತ್ತದೆ.

ಪರೀಕ್ಷೆಗೆ ಯಾವ ಪದ?

ಫಾಂಟ್ ಪರೀಕ್ಷೆ ಮಾಡುವಾಗ ನಾವೆಲ್ಲ ಊರ ಹೆಸರು ಬರೆಯುತ್ತೇವೆ ಅಲ್ವಾ? ಇಲ್ಲೊಂದು ಮೋಸ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ: ಈ ಮೂರರಲ್ಲೂ ಒಂದೇ ಒಂದು ಒತ್ತಕ್ಷರ ಇಲ್ಲ. ಬರೀ ಗುಣಿತ. ಅರ್ಧಂಬರ್ಧ ಕೆಟ್ಟ ಫಾಂಟ್ ಕೂಡ ಈ ಹೆಸರುಗಳನ್ನು ಚೆನ್ನಾಗಿ ತೋರಿಸಿಬಿಡುತ್ತದೆ. ಗ್ರಾಹಕರ ಹೆಸರು ಬಂದಾಗ ಬಣ್ಣ ಬಯಲಾಗುತ್ತದೆ.

ಅದರ ಬದಲು ಈ ಸಾಲನ್ನು ಎಲ್ಲಾದರೂ ಇಟ್ಟುಕೊಳ್ಳಿ:

ರಾಮದುರ್ಗ, ಇಳಕಲ್, ಕೃಷ್ಣಾ, ಮುದ್ದೇಬಿಹಾಳ, ದ್ರಾಕ್ಷಿ, ಸ್ತ್ರೀಶಕ್ತಿ, ಜ್ಞಾನ, ಫೇಸ್‌ಬುಕ್, ರ‍್ಯಾಲಿ

ರಾಮದುರ್ಗದಲ್ಲಿ ಅರ್ಕಾವತ್ತು ಸಿಕ್ಕಿತು. ಇಳಕಲ್‌ನಲ್ಲಿ ಕೊನೆಯ ಅರ್ಧಾಕ್ಷರ. ಕೃಷ್ಣಾದಲ್ಲಿ ಋ ಗುಣಿತ, ಅದರ ಬೆನ್ನಿಗೇ ಒಂದು ಒತ್ತು. ದ್ರಾಕ್ಷಿಯಲ್ಲಿ ಒಂದೇ ಪದದೊಳಗೆ ಎರಡು ಬಗೆಯ ಒತ್ತು. ಸ್ತ್ರೀಯಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು ಜೋತುಬಿದ್ದಿವೆ. ಕೊನೆಯ ಎರಡು ಪದಗಳ ಕತೆ ಮುಂದೆ ಬರುತ್ತದೆ. ಈ ಸಾಲು ಸರಿಯಾಗಿ ಬಂದರೆ ಆ ಫಾಂಟ್, ಆ ಸಾಫ್ಟ್‌ವೇರ್ ಎರಡನ್ನೂ ಸುಮಾರಾಗಿ ನಂಬಬಹುದು. ವಿಜಯಪುರದಲ್ಲಿ ಒಣದ್ರಾಕ್ಷಿ ಡಬ್ಬಿಯ ಲೇಬಲ್ ಮಾಡುವವರಿಗೆ ಅರ್ಧ ಪರೀಕ್ಷೆ ಕೆಲಸದಲ್ಲೇ ಆಗಿಹೋಗುತ್ತದೆ ಬಿಡಿ.

ಇಂಗ್ಲಿಷ್ ಗೀಚಿನಂತೆ ಕಂಡರೆ

ಇದರಲ್ಲಿ ಎರಡು ಜಾತಿ ಇದೆ. ನೋಡಲು ಅಣ್ಣ ತಮ್ಮ. ಮದ್ದು ಪೂರ್ತಿ ಬೇರೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ.

ಮೊದಲ ಜಾತಿಯಲ್ಲಿ ದೊಡ್ಡ ಇಂಗ್ಲಿಷ್ ಎ ಅಕ್ಷರದ ತಲೆ ಮೇಲೆ ಓರೆ ಗೆರೆ ಇದ್ದು, ಅದು ಪದೇ ಪದೇ ಬರುತ್ತದೆ. ನಡುವೆ ಪೌಂಡ್ ಗುರುತು, ಪಿ, ಕ್ಯೂ ಎಂದು ಬೇರೆ ಬೇರೆ ಅಕ್ಷರಗಳು ಇರುತ್ತವೆ. ಇದು ಹಳೆಯ ನುಡಿ ತಂತ್ರಾಂಶದಂಥ ಆಸ್ಕಿ (ಇಂಗ್ಲಿಷ್ ಸಂಕೇತಗಳನ್ನೇ ಬಳಸುವ) ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಎಲ್ಲ ಭಾಷೆಗಳ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪಟ್ಟಿ ಯೂನಿಕೋಡ್. ಕನ್ನಡ 1991ರಲ್ಲೇ ಯೂನಿಕೋಡ್‌ಗೆ ಸೇರಿತ್ತು. ಆದರೆ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಹೊತ್ತು ಬರುವವರೆಗೆ ಮಾಮೂಲಿ ಕಂಪ್ಯೂಟರ್‌ನಲ್ಲಿ ಅದರ ಪ್ರಯೋಜನ ಸಿಗಲಿಲ್ಲ. ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಕೂರಲು ಆಗುತ್ತದೆಯೇ? ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟ್ ಮಾಡಿದರು. ತಲೆಕಟ್ಟು ಒಂದು ತುಂಡು, ಒತ್ತು ಒಂದು ತುಂಡು. ಕಂಪ್ಯೂಟರ್ ಪಾಲಿಗೆ ಅದು ಇಂಗ್ಲಿಷೇ. ಆ ಫಾಂಟ್ ಕಿತ್ತ ಕೂಡಲೇ ಅದರ ನಿಜ ರೂಪ ಕಾಣುತ್ತದೆ. ಆ ಓರೆ ಗೆರೆಯ ಎ ಅಂದರೆ ನಮ್ಮ ತಲೆಕಟ್ಟು. ಅದಕ್ಕೇ ಅಷ್ಟು ಸಲ ಬರುವುದು.

ಎರಡನೆಯ ಜಾತಿಯಲ್ಲಿ ಸಣ್ಣ ಎ ಅಕ್ಷರದ ಮೇಲೆ ಓರೆ ಗೆರೆ ಇರುತ್ತದೆ. ಅದರ ಪಕ್ಕದಲ್ಲೇ ಮೇಲಕ್ಕೇರಿದ ಪುಟ್ಟ 2 ಅಥವಾ ಪುಟ್ಟ 3. ಈ ಜೋಡಿ ತಪ್ಪದೆ ಮತ್ತೆ ಮತ್ತೆ ಬರುತ್ತಿದ್ದರೆ ಪಠ್ಯ ಯೂನಿಕೋಡೇ. ಓದುವವನು ಮಾತ್ರ ತಪ್ಪಾಗಿ ಓದಿದ್ದಾನೆ. ಯುಟಿಎಫ್-8ರಲ್ಲಿ (ಯೂನಿಕೋಡ್ ಸಂಕೇತಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಹಿಡಿಯುತ್ತದೆ. ಮೊದಲ ಬೈಟ್ ಎಲ್ಲ ಕನ್ನಡ ಸಂಕೇತಗಳಿಗೂ ಒಂದೇ. ಎರಡನೆಯದರಲ್ಲಿ ಎರಡೇ ಬಗೆ. ಅದನ್ನು ಹಳೆಯ ವಿಂಡೋಸ್ ಪದ್ಧತಿಯಲ್ಲಿ ಓದಿದರೆ ಒಂದು ಅಕ್ಷರ ಮೂರಾಗಿ ಒಡೆದು ಈ ಪುಟ್ಟ 2, ಪುಟ್ಟ 3 ಮೆರವಣಿಗೆ ಹೊರಡುತ್ತದೆ.

ಮೊದಲ ಜಾತಿಗೆ ಎರಡು ದಾರಿ. ಫೈಲ್ ಹಾಗೇ ಪ್ರಿಂಟ್ ಆಗಬೇಕಾದರೆ ಅದೇ ಹೆಸರಿನ ಹಳೆಯ ಫಾಂಟ್ ಹಾಕಿಕೊಳ್ಳಿ. ಇಲ್ಲಿ ಮಾತ್ರ ಫಾಂಟ್ ಹಾಕುವುದೇ ಮದ್ದು. ವೆಬ್‌ಸೈಟ್‌ಗೆ ಬೇಕಾದರೆ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು, ಎರಡು ಒತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ. ಪರಿವರ್ತಕಗಳು ಜಾರುವುದು ಅಲ್ಲೇ. ಆಸ್ಕಿ ಪಠ್ಯದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಈ ಅದಲುಬದಲು ಸರಿಯಾಗದಿದ್ದರೆ ದುರ್ಗ ಎಂಬುದು ದುಗರ್ ಆಗಿಬಿಡುತ್ತದೆ. ಬೆಳಗಾವಿಯ ಹಳೆಯ ಪ್ರೆಸ್‌ಗಳಿಂದ ಶ್ರೀಲಿಪಿ ಎಂಬ ಬೇರೆ ತಂತ್ರಾಂಶದಲ್ಲಿ ಮಾಡಿದ ಫೈಲ್ ಬರುವುದೂ ಉಂಟು. ಅದರ ಒಳಗಿನ ಸಂಕೇತ ನುಡಿಯದಲ್ಲ. ನುಡಿಯ ಪರಿವರ್ತಕಕ್ಕೆ ಹಾಕಿದರೆ ಗೀಚು ಹೋಗಿ ಹೊಸ ಗೀಚು ಬರುತ್ತದೆ, ಅಷ್ಟೇ. ಯಾವ ತಂತ್ರಾಂಶದಲ್ಲಿ ಟೈಪ್ ಆಗಿದೆ ಎಂದು ಕೇಳಿ ತಿಳಿದುಕೊಂಡೇ ಮುಂದೆ ಹೋಗಿ.

ಎರಡನೆಯ ಜಾತಿಗೆ ಫಾಂಟ್ ಎಷ್ಟು ಬದಲಿಸಿದರೂ ಪ್ರಯೋಜನ ಇಲ್ಲ. ಪುಟದ ತಲೆಯಲ್ಲಿ ಮೆಟಾ ಚಾರ್‌ಸೆಟ್ ಯುಟಿಎಫ್-8 ಎಂದು ಇದೆಯೇ ನೋಡಿ. ಸರ್ವರ್ ಕಳಿಸುವ ಹೆಡರ್ ಬೇರೇನೋ ಹೇಳುತ್ತಿದ್ದರೆ ಬ್ರೌಸರ್ ಅದರ ಮಾತನ್ನೇ ಕೇಳುತ್ತದೆ, ಹಾಗಾಗಿ ಅದನ್ನೂ ನೋಡಿ. ಎಕ್ಸೆಲ್‌ನಲ್ಲಿ ಸಿಎಸ್‌ವಿ ಫೈಲ್ ನೇರವಾಗಿ ತೆರೆದಾಗಲೂ ಇದೇ ಕಾಣಬಹುದು. ಡೇಟಾ ಟ್ಯಾಬ್‌ನಿಂದ ತರಿಸಿಕೊಂಡು ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ.

ಈ ಜಾಗದಲ್ಲಿ ಒಂದು ಎಚ್ಚರಿಕೆ. ಪುಟ್ಟ 2, ಪುಟ್ಟ 3 ಕಂಡರೆ ನೆಮ್ಮದಿ ಪಡಿ, ಪಠ್ಯ ಒಳಗೆ ಜೀವಂತ ಇದೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮಾತ್ರ ಕಷ್ಟ. ಡೇಟಾಬೇಸ್‌ನ ಟೇಬಲ್ ಲ್ಯಾಟಿನ್ ಪದ್ಧತಿಯಲ್ಲಿದ್ದು, ಕನ್ನಡ ಬಂದಾಗ ಅದಕ್ಕೆ ಜಾಗ ಇಲ್ಲದೆ ಪ್ರತಿ ಅಕ್ಷರವನ್ನೂ ಪ್ರಶ್ನೆ ಗುರುತಾಗಿ ಬರೆದುಕೊಂಡಿರುವ ಸಾಧ್ಯತೆ ಹೆಚ್ಚು. ಹಾಗಾಗಿದ್ದರೆ ಮೂಲ ಹೋಯಿತು. ಟೇಬಲ್ಲನ್ನು ಯುಟಿಎಫ್-8 ಎಂಬಿ4ಕ್ಕೆ ಬದಲಿಸಿ ಮತ್ತೆ ಟೈಪ್ ಮಾಡಬೇಕು. ಹಳೆಯ ಬ್ಯಾಕಪ್ ಇದ್ದರೆ ನಿಮ್ಮ ಪುಣ್ಯ.

ಫಾಂಟ್ ಬದಲಿಸಿದರೂ ಅಕ್ಷರ ಬದಲಾಗದಿದ್ದರೆ

ವಾಟ್ಸ್‌ಆ್ಯಪ್‌ನಿಂದ ಕಾಪಿ ಮಾಡಿದ ಶುಭಾಶಯದ ಸಾಲಿಗೆ ಹಳೆಯ ನುಡಿ ಫಾಂಟ್ ಹಾಕುತ್ತೀರಿ. ಏನೂ ಆಗುವುದಿಲ್ಲ. ಇನ್ನೊಂದು ಹಾಕುತ್ತೀರಿ, ಅದೇ ಕತೆ. ಇದು ಮೇಲಿನ ರೋಗದ ಉಲ್ಟಾ ರೂಪ. ಪಠ್ಯ ಯೂನಿಕೋಡ್, ಫಾಂಟ್ ಆಸ್ಕಿ. ಫಾಂಟ್‌ನಲ್ಲಿ ಆ ಸಂಕೇತಗಳಿಗೆ ಆಕಾರವೇ ಇಲ್ಲದ್ದರಿಂದ ಸಾಫ್ಟ್‌ವೇರ್ ತನ್ನ ಬಳಿ ಇದ್ದ ನಿರ್ಮಲಾ ಅಥವಾ ತುಂಗಾ ಎತ್ತಿ ತೋರಿಸುತ್ತಿದೆ. ಹಾಗೆ ತೋರಿಸಲು ಬಾರದ ಸಾಫ್ಟ್‌ವೇರ್ ಖಾಲಿ ಡಬ್ಬಿ ಬರೆಯುತ್ತದೆ. ಯೂನಿಕೋಡ್ ಫಾಂಟ್ ಆರಿಸಿದರೆ ಮುಗಿಯಿತು. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2, ಟಿರೋ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಗ್ರಾಹಕರ ಕೆಲಸಕ್ಕೂ ಬಳಸಬಹುದು. ನಮ್ಮ ಪಕ್ಕದ ಊರಿನ ಹೆಸರಿನ ಹುಬ್ಬಳ್ಳಿ ಎಂಬ ಫಾಂಟ್ ಕೂಡ ಅಲ್ಲಿದೆ.

ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ

ದ್ರಾಕ್ಷಿ ಎಂಬುದು ದ್‌ರಾಕ್‌ಷಿ ಎಂದು ಕಾಣುತ್ತಿದೆ. ಅಕ್ಷರಗಳು ಕನ್ನಡವೇ, ಓದಲೂಬಹುದು, ಆದರೆ ಜೋಡಣೆ ಆಗಿಲ್ಲ. ಸಂಕೇತ ಸರಿ, ಬಹುತೇಕ ಫಾಂಟೂ ಸರಿ. ಜೋಡಿಸುವ ಎಂಜಿನ್ ಮಲಗಿದೆ.

ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ಎಂಬಲ್ಲಿಗೆ ಹೋಗಿ. ಟೆಕ್ಸ್ಟ್ ಎಂಜಿನ್ ಆಯ್ಕೆ ಅಲ್ಲಿದೆ (ತೀರಾ ಹೊಸ ಆವೃತ್ತಿಗಳಲ್ಲಿ ಎಂಜಿನ್ ಒಂದೇ, ಈ ಆಯ್ಕೆ ಕಾಣದಿರಬಹುದು). ಹಳೆಯ ಆವೃತ್ತಿಗಳಲ್ಲಿ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಎಂದೂ, ನಂತರದವುಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಎಂದೂ ಹೆಸರು. ಅದನ್ನು ಆರಿಸಿದ ಮೇಲೆ ಹಳೆಯ ಫೈಲ್ ಹಾಗೇ ಒಡೆದಿರುವುದನ್ನು ನೋಡಿ "ಇದೂ ಆಗ್ಲಿಲ್ಲ" ಎಂದು ಕೈಬಿಡುವವರೇ ಜಾಸ್ತಿ. ಆ ಆಯ್ಕೆ ಹೊಸ ಫೈಲ್‌ಗೆ. ಈಗಾಗಲೇ ಇರುವ ಲೇಯರ್ ಆರಿಸಿ, ಟೈಪ್ ಮೆನುವಿನ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಅದನ್ನೇ ಮತ್ತೊಮ್ಮೆ ಆರಿಸಬೇಕು.

ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್, ಟೈಪ್, ಅಲ್ಲಿ ಶೋ ಇಂಡಿಕ್ ಆಪ್ಷನ್ಸ್ ಎಂಬುದಕ್ಕೆ ಟಿಕ್ ಹಾಕಿ. ನಂತರ ಪಠ್ಯ ಆರಿಸಿ ಪ್ಯಾರಾಗ್ರಾಫ್ ಪ್ಯಾನಲ್‌ನ ಮೂಲೆಯ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಕೊಡಿ. ಇನ್‌ಡಿಸೈನ್‌ನಲ್ಲೂ ಅದೇ ಜಾಗ, ಅದೇ ಹೆಸರು. ಪುಸ್ತಕ ಅಥವಾ ಪತ್ರಿಕೆ ಪುಟ ಕಟ್ಟುವವರು ಅದನ್ನು ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ಭಾಗದಲ್ಲೇ ಕೂರಿಸಿಬಿಡಿ. ಪ್ರತಿ ಪುಟದಲ್ಲಿ ಕೈಯಿಂದ ಬದಲಿಸುತ್ತ ಕೂತರೆ ಒಂದು ಪುಟ ತಪ್ಪಿಹೋಗುವುದು ಖಂಡಿತ. ಅದೂ ಜಾಹೀರಾತು ಕೊಟ್ಟವರ ಪುಟವೇ ಆಗಿರುತ್ತದೆ.

ಕೋರೆಲ್‌ಡ್ರಾ ವಿಷಯ ಬೇರೆ. ನಮ್ಮ ಕಡೆ ಫ್ಲೆಕ್ಸ್ ಅಂಗಡಿಗಳು ನಿಂತಿರುವುದೇ ಕೋರೆಲ್ ಮೇಲೆ, ಅದೂ ಹಳೆಯದರ ಮೇಲೆ. 2012ರಲ್ಲಿ ಬಂದ ಎಕ್ಸ್6 ಆವೃತ್ತಿಯಲ್ಲಿ ಪಠ್ಯದ ಎಂಜಿನ್ ಹೊಸದಾಯಿತು. ಅದಕ್ಕಿಂತ ಹಿಂದಿನದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರಿಸಲು ಹೆಣಗಬೇಡಿ. ಆ ಅಂಗಡಿಯವರು ಆಸ್ಕಿ ನುಡಿಯನ್ನು ಬಿಡದಿರುವುದಕ್ಕೆ ಇದೇ ಕಾರಣ. ಅವರನ್ನು ಬೈದು ಪ್ರಯೋಜನ ಇಲ್ಲ. ಅವರ ಯಂತ್ರಕ್ಕೆ ಅದೇ ಸರಿ. ನೀವು ಅಲ್ಲಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್ ಮಾಡಿ (ಪಠ್ಯವನ್ನು ಬರೀ ಆಕಾರವಾಗಿ ಬದಲಿಸಿ) ಕಳಿಸಿ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ. ಕರ್ವ್ ಮಾಡದ ಮೂಲ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಬ್ಯಾನರ್‌ನಲ್ಲಿ ಊರ ಗಣ್ಯರ ಹೆಸರು ಸೇರಿಸುವ ಕೆಲಸ ಕೊನೇ ಗಳಿಗೆವರೆಗೂ ಮುಗಿಯುವುದಿಲ್ಲ, ಗೊತ್ತಲ್ಲ.

ವೆಬ್‌ಸೈಟ್‌ನಲ್ಲಿ ಇದೇ ಲಕ್ಷಣ ಕಂಡರೆ ಸಂಶಯ ಫಾಂಟ್ ಫೈಲ್ ಮೇಲೆ. ಬ್ರೌಸರ್‌ಗಳ ಎಂಜಿನ್ ಈಗ ಚೆನ್ನಾಗಿಯೇ ಇದೆ. ಫಾಂಟ್‌ನ ತೂಕ ಇಳಿಸಲು ಯಾವುದೋ ಆನ್‌ಲೈನ್ ಉಪಕರಣಕ್ಕೆ ಹಾಕಿರುತ್ತೀರಿ. ಅದು ಒತ್ತು ಜೋಡಿಸುವ ನಿಯಮದ ಪಟ್ಟಿಯನ್ನೇ ಕತ್ತರಿಸಿ ಎಸೆದಿರುತ್ತದೆ. ಮೂಲ ಫೈಲ್ ಹಾಕಿ ನೋಡಿ. ಒತ್ತು ಕೂತರೆ ಕಳ್ಳ ಸಿಕ್ಕ. ಮತ್ತೆ ತೂಕ ಇಳಿಸುವಾಗ ಲೇಔಟ್ ಫೀಚರ್‌ಗಳನ್ನು ಪೂರ್ತಿ ಉಳಿಸಿಕೊಳ್ಳಿ. ಕನ್ನಡದ ಸಂಕೇತಗಳ ಜೊತೆಗೆ ಕಣ್ಣಿಗೆ ಕಾಣದ ಎರಡು ಸಂಕೇತಗಳನ್ನೂ ಉಳಿಸಿ. ಅವು ಯಾವುವು ಅಂದರೆ...

ರ‍್ಯಾಲಿ ಮತ್ತು ಫೇಸ್‌ಬುಕ್

ರ ಅಕ್ಷರಕ್ಕೆ ಒತ್ತು ಬಂದರೆ ಯೂನಿಕೋಡ್ ಸುಮ್ನೆ ಅರ್ಕಾವತ್ತು ಮಾಡಿಬಿಡುತ್ತದೆ. ದುರ್ಗ, ಕಾರ್ಯ, ಹಾರ್ದಿಕ ಎಲ್ಲಕ್ಕೂ ಅದೇ ಬೇಕು. ಆದರೆ ರ‍್ಯಾಲಿ ಎಂದು ಬರೆಯುವಾಗ ರ ಪೂರ್ತಿ ನಿಂತು, ಯ ಅದರ ಕೆಳಗೆ ಒತ್ತಾಗಬೇಕು. ಇಲ್ಲದಿದ್ದರೆ ರ್ಯಾಲಿ ಆಗುತ್ತದೆ. ಚುನಾವಣೆ ಕಾಲದ ಬ್ಯಾನರ್‌ಗಳಲ್ಲಿ ಈ ತಪ್ಪು ಎಲ್ಲಿ ನೋಡಿದರಲ್ಲಿ. ರ ಮತ್ತು ಅರ್ಧಾಕ್ಷರದ ಗುರುತಿನ ನಡುವೆ ಜೆಡ್‌ಡಬ್ಲ್ಯೂಜೆ ಎಂಬ ಕಾಣದ ಸಂಕೇತ ಇದ್ದರೆ ಇದು ಸರಿಹೋಗುತ್ತದೆ. ವರ್ಡ್‌ನಲ್ಲಿ ರ ಬರೆದು, 200ಡಿ ಎಂದು ಟೈಪಿಸಿ ಆಲ್ಟ್ ಎಕ್ಸ್ ಒತ್ತಿದರೆ ಅದು ಬರುತ್ತದೆ. ಅದೂ ಬೇಡ ಅಂದರೆ ಸರಿಯಾಗಿ ಬರೆದ ಪದವೊಂದನ್ನು ಎಲ್ಲಿಂದಲಾದರೂ ಕಾಪಿ ಮಾಡಿಕೊಳ್ಳಿ.

ಅದರ ತಮ್ಮ ಜೆಡ್‌ಡಬ್ಲ್ಯೂಎನ್‌ಜೆ. ಒತ್ತು ಆಗಬಾರದು, ಅರ್ಧಾಕ್ಷರ ಹಾಗೇ ನಿಲ್ಲಬೇಕು ಎಂದಾಗ ಇದು ಬೇಕು. ಅದಿಲ್ಲದೆ ಫೇಸ್‌ಬುಕ್ ಎಂಬುದು ಫೇಸ್ಬುಕ್ ಆಗುತ್ತದೆ. ವರ್ಡ್‌ನಲ್ಲಿ ಇದಕ್ಕೆ 200ಸಿ.

ನೀವು ಸರಿಯಾಗಿ ಟೈಪ್ ಮಾಡಿದ್ದೀರಿ, ಸೈಟ್‌ನಲ್ಲಿ ಮಾತ್ರ ಒಡೆದಿದೆ ಅಂದರೆ ನಡುವೆ ಯಾರೋ ಈ ಕಾಣದ ಸಂಕೇತಗಳನ್ನು ಕಸ ಎಂದುಕೊಂಡು ಗುಡಿಸಿದ್ದಾರೆ. ಫಾರ್ಮ್‌ನಲ್ಲಿ ಬಂದ ಪಠ್ಯವನ್ನು ಶುದ್ಧ ಮಾಡುವ ಕೋಡ್, ಲೇಖನ ಹಾಕುವ ಎಡಿಟರ್‌ನ ಪ್ಲಗಿನ್, ಇಲ್ಲವೇ ಫಾಂಟ್‌ನಲ್ಲಿ ಅವು ಕತ್ತರಿಸಿಹೋಗಿರುವುದು. ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ.

ಅಕ್ಷರದ ಬದಿಗೆ ಚುಕ್ಕಿ ಚುಕ್ಕಿಯ ವೃತ್ತ ಕಂಡರೆ ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಗುಣಿತದ ಗುರುತು ಎರಡು ಸಲ ಬಿದ್ದಿದೆ ಅಥವಾ ಅದಕ್ಕೆ ಅಂಟಿಕೊಳ್ಳಲು ಅಕ್ಷರ ಇಲ್ಲ. ಆ ಪದ ಅಳಿಸಿ ಮತ್ತೆ ಟೈಪ್ ಮಾಡಿ.

ಅನಿಮೇಶನ್ ಹಾಕಿದ ಮೇಲೆ ಒಡೆದರೆ

ಇದು ವೆಬ್ ಡಿಸೈನರ್‌ಗಳಿಗೆ ಮಾತ್ರ. ಶೀರ್ಷಿಕೆಯ ಅಕ್ಷರಗಳು ಒಂದೊಂದಾಗಿ ಹಾರಿ ಬರಬೇಕು ಎಂದು ಸ್ಕ್ರಿಪ್ಟ್ ಹಾಕುತ್ತೀರಿ. ಇಂಗ್ಲಿಷ್‌ನಲ್ಲಿ ಚೆಂದ. ಕನ್ನಡದಲ್ಲಿ ಗುಣಿತ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಸ್ಕ್ರಿಪ್ಟ್ ಸಂಕೇತಗಳನ್ನು ಎಣಿಸುತ್ತದೆ, ಅಕ್ಷರಗಳನ್ನಲ್ಲ. ಸ್ತ್ರೀ ನಮಗೆ ಒಂದೇ ಅಕ್ಷರ. ಅದರೊಳಗೆ 6 ಸಂಕೇತಗಳಿವೆ: ಸ, ಅರ್ಧಾಕ್ಷರ ಗುರುತು, ತ, ಮತ್ತೆ ಅರ್ಧಾಕ್ಷರ ಗುರುತು, ರ, ಈ ಗುಣಿತ.

ಪಠ್ಯವನ್ನು ಅಕ್ಷರ ಗುಂಪುಗಳಾಗಿ ಬಿಡಿಸಲು ಬ್ರೌಸರ್ ಕೊಡುವ ಇಂಟಲ್ ಸೆಗ್ಮೆಂಟರ್ (Intl.Segmenter) ಬಳಸಿದರೆ ಗುಣಿತ ಬೇರೆಯಾಗುವುದು ನಿಲ್ಲುತ್ತದೆ. ಆದರೂ ನಂಬಿ ಕೂರಬೇಡಿ. ಯೂನಿಕೋಡ್‌ನಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪಾಗಿ ಹಿಡಿಯುವ ನಿಯಮ ಇತ್ತೀಚೆಗೆ ಬಂತು. ದೇವನಾಗರಿ, ತೆಲುಗು, ಮಲಯಾಳಂ ಅದರಲ್ಲಿ ಸೇರಿದವು, ಕನ್ನಡ ಸೇರಿರಲಿಲ್ಲ. ಹಾಗಾಗಿ ಅಲ್ಲಿಯೂ ಕ್ಕ ಎಂಬುದು ಕ್ ಮತ್ತು ಕ ಎಂದು ಎರಡಾಗಬಹುದು. ನನ್ನ ಸಲಹೆ ಕೇಳಿದರೆ, ಕನ್ನಡದಲ್ಲಿ ಅಕ್ಷರ ಅಕ್ಷರ ಹಾರಿಸುವುದು ಬಿಡಿ. ಪದ ಪದ ಹಾರಿಸಿ. ನೋಡಲೂ ಅದೇ ಚೆಂದ.

ಇದೇ ಕಾರಣಕ್ಕೆ ಪ್ಯಾರಾದ ಮೊದಲ ಅಕ್ಷರ ದೊಡ್ಡದು ಮಾಡುವ ಸಿಎಸ್‌ಎಸ್, ಎಲ್ಲಿ ಬೇಕಾದರಲ್ಲಿ ಸಾಲು ಮುರಿಯುವ ಬ್ರೇಕ್-ಆಲ್, ಅಕ್ಷರಗಳ ನಡುವೆ ಜಾಗ ಬಿಡುವ ಲೆಟರ್-ಸ್ಪೇಸಿಂಗ್, ಈ ಮೂರೂ ಕನ್ನಡಕ್ಕೆ ಆಗಿಬರುವುದಿಲ್ಲ. ಇಂಗ್ಲಿಷ್‌ಗೆ ಮಾಡಿದ ಥೀಮ್ ತಂದು ಕನ್ನಡ ತುಂಬಿದಾಗ ಮೊದಲು ಹುಡುಕಬೇಕಾದ್ದು ಇವನ್ನೇ.

ಸುದ್ದಿ ಸೈಟ್‌ನ ಮುಖಪುಟದಲ್ಲಿ ಸಾರಾಂಶದ ಕೊನೆಗೆ ಕಪ್ಪು ವಜ್ರದೊಳಗೆ ಪ್ರಶ್ನೆ ಗುರುತು ಕಾಣುತ್ತದೆಯೇ? ಅದು ಬೇರೆ. ಪಿಎಚ್‌ಪಿ ಭಾಷೆಯಲ್ಲಿ ಪಠ್ಯ ಕತ್ತರಿಸುವ ಸಬ್‌ಸ್ಟ್ರ್ ಬೈಟ್ ಲೆಕ್ಕದಲ್ಲಿ ಕತ್ತರಿಸಿ, 3 ಬೈಟ್‌ನ ಸಂಕೇತವನ್ನು ನಡುವೆಯೇ ಕಡಿದಿದೆ. ಎಂಬಿ ಸಬ್‌ಸ್ಟ್ರ್ ಬಳಸಿ. ಅದಕ್ಕಿಂತ ಒಳ್ಳೆಯದು, ಪದದ ನಡುವಿನ ಖಾಲಿ ಜಾಗ ನೋಡಿ ಕತ್ತರಿಸುವುದು.

ಒತ್ತಿನ ಕಾಲು ಕತ್ತರಿಸಿದರೆ, ಬೋಲ್ಡ್ ಮಸಿಯಾದರೆ

ಇಂಗ್ಲಿಷ್‌ಗೆ ಸಾಲಿನ ಎತ್ತರ 1.2 ಸಾಕು. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ, ಗುಣಿತ ಮೇಲೇರುತ್ತದೆ. ಬಟನ್ ಅಥವಾ ಕಾರ್ಡ್‌ಗೆ ಓವರ್‌ಫ್ಲೋ ಹಿಡನ್ (ಚೌಕಟ್ಟಿನಾಚೆ ಹೋದದ್ದನ್ನು ಮರೆಮಾಡುವ ಆಯ್ಕೆ) ಕೊಟ್ಟಿದ್ದರೆ ಕೃಷ್ಣಾದ ಒತ್ತು ಅರ್ಧ ಮಾಯ. ಓದುವ ಪಠ್ಯಕ್ಕೆ 1.6 ಆಸುಪಾಸು ಇಡಿ, ಶೀರ್ಷಿಕೆಗೆ 1.4ಕ್ಕಿಂತ ಕೆಳಗೆ ಇಳಿಯಬೇಡಿ. ಕಸೂತಿಯ ಚೌಕದ ಮೇಲೆ ಅಕ್ಷರ ಬರೆಯುವ ಪ್ರಯೋಗ ಮಾಡುವವರಿಗೂ ಇದೇ ಮಾತು. ಇಳಕಲ್ ಸೀರೆಯ ಸೆರಗಿನ ಗೋಪುರ, ತೇರು ಎಲ್ಲ ಎಳೆ ಎಣಿಸಿ ಹಾಕಿದ್ದು. ಪಿಕ್ಸೆಲ್ ಅಕ್ಷರಕ್ಕೆ ಅದಕ್ಕಿಂತ ಒಳ್ಳೆಯ ಪ್ರೇರಣೆ ಸಿಗಲಾರದು. ಆದರೆ ಅಕ್ಷರಕ್ಕೆ ಎಷ್ಟು ಚೌಕ ಎಂದು ಲೆಕ್ಕ ಹಾಕುವಾಗ ಒತ್ತಿಗೆ ಕೆಳಗೆ ಜಾಗ ಬಿಡುವುದನ್ನು ಮರೆತರೆ ಇಡೀ ಜಾಲರಿ ಮತ್ತೆ ಹಾಕಬೇಕು.

ಬೋಲ್ಡ್ ಮಾಡಿದಾಗ ಅಕ್ಷರದೊಳಗಿನ ಸುರುಳಿ ಮುಚ್ಚಿಹೋಗಿ ಮಸಿ ಮೆತ್ತಿದಂತೆ ಕಂಡರೆ ಆ ಫಾಂಟ್‌ಗೆ ನಿಜವಾದ ಬೋಲ್ಡ್ ಇಲ್ಲ. ಸಾಫ್ಟ್‌ವೇರ್ ಗೆರೆಯನ್ನು ದಪ್ಪ ಮಾಡಿ ತೋರಿಸುತ್ತಿದೆ. ಸಿಎಸ್‌ಎಸ್‌ನಲ್ಲಿ ಫಾಂಟ್-ಸಿಂಥೆಸಿಸ್ ನನ್ (none) ಎಂದು ಕೊಟ್ಟರೆ ಈ ನಕಲಿ ಬೋಲ್ಡ್ ನಿಲ್ಲುತ್ತದೆ. ನಿಜವಾದ ದಪ್ಪಗಳಿರುವ ಅನೇಕ್ ಅಥವಾ ನೋಟೋ ಹಾಕಿಕೊಳ್ಳಿ. ಕರದಂಟಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳಿಗೆ ಬೋಲ್ಡ್ ಬೇಡವೇ ಬೇಡ. ಅಚ್ಚಿನಲ್ಲಿ ಮಸಿ ಹರಡಿದರೆ ಮೊದಲು ತುಂಬಿಕೊಳ್ಳುವುದು ಒತ್ತುಗಳು.

ಪಕ್ಕದಲ್ಲಿ ಮರಾಠಿ ಇದ್ದರೆ

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮದುವೆ ಕಾರ್ಡ್, ಬೋರ್ಡ್‌ಗಳಲ್ಲಿ ಮರಾಠಿಯೂ ಇರುತ್ತದೆ. "ಅಕ್ಷರ ಹಿಂದಿ ಹಂಗ ಕಾಣ್ತಾವ್ರಿ" ಎಂದು ಗ್ರಾಹಕರು ಹೇಳಿದರೆ ತಳ್ಳಿಹಾಕಬೇಡಿ. ದೇವನಾಗರಿಯ ಲ ಮತ್ತು ಶ ಮರಾಠಿಯಲ್ಲಿ ಬೇರೆ ಆಕಾರ. ಒಳ್ಳೆಯ ಫಾಂಟ್‌ಗಳಲ್ಲಿ ಎರಡೂ ಇರುತ್ತವೆ. ಭಾಷೆ ಮರಾಠಿ ಎಂದು ನೀವು ಹೇಳಿದರೆ ಮಾತ್ರ ಮರಾಠಿಯದು ಬರುತ್ತದೆ. ವೆಬ್‌ನಲ್ಲಿ ಲ್ಯಾಂಗ್ ಎಂಬಲ್ಲಿ ಎಂಆರ್, ಇನ್‌ಡಿಸೈನ್‌ನಲ್ಲಿ ಕ್ಯಾರೆಕ್ಟರ್ ಪ್ಯಾನಲ್‌ನ ಭಾಷೆಯಲ್ಲಿ ಮರಾಠಿ. ಕನ್ನಡದ ಭಾಗಕ್ಕೆ ಕೆಎನ್ ಕೊಡುವುದನ್ನೂ ರೂಢಿ ಮಾಡಿಕೊಳ್ಳಿ.

ಪರದೆಯಲ್ಲಿ ಸರಿ, ಕಟಿಂಗ್‌ನಲ್ಲಿ ಕೆಟ್ಟರೆ

ಕರ್ವ್ ಮಾಡಿದ ಅಕ್ಷರದೊಳಗೆ ಬಿಳಿ ತೂತು ಕಾಣುತ್ತಿದೆ, ಅಥವಾ ವಿನೈಲ್ ಕತ್ತರಿಸುವ ಯಂತ್ರ ಅಕ್ಷರದ ಹೊಟ್ಟೆಯೊಳಗೂ ಗೆರೆ ಕೊರೆದಿದೆ. ಕೆಲವು ಫಾಂಟ್‌ಗಳಲ್ಲಿ, ವಿಶೇಷವಾಗಿ ಒಂದೇ ಫೈಲ್‌ನಲ್ಲಿ ದಪ್ಪ, ಅಗಲ ಬದಲಿಸಬಹುದಾದ ವೇರಿಯಬಲ್ ಫಾಂಟ್‌ಗಳಲ್ಲಿ, ಅಕ್ಷರದ ಭಾಗಗಳು ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಪರದೆಯಲ್ಲಿ ಗೊತ್ತಾಗುವುದಿಲ್ಲ. ಬ್ಲೇಡ್‌ಗೆ ಗೊತ್ತಾಗುತ್ತದೆ. ಕೋರೆಲ್‌ನಲ್ಲಿ ವೆಲ್ಡ್, ಇಲಸ್ಟ್ರೇಟರ್‌ನಲ್ಲಿ ಪಾತ್‌ಫೈಂಡರ್‌ನ ಯುನೈಟ್ ಮಾಡಿ, ನಂತರ ಬಣ್ಣ ತೆಗೆದು ಬರೀ ಗೆರೆಯಲ್ಲಿ ನೋಡಿ. ಒಳಗೆ ಅಡ್ಡ ಗೆರೆ ಇಲ್ಲದಿದ್ದರೆ ಕಳಿಸಬಹುದು.

ಅಕ್ರಿಲಿಕ್ ಅಕ್ಷರದ ಬೋರ್ಡ್ ಆದರೆ ಇನ್ನೊಂದು ಕೆಲಸ ಇದೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಅಂದರೆ ಬಹುತೇಕ ಒಂದೇ ತುಂಡು. ಕನ್ನಡದಲ್ಲಿ ಒತ್ತು ಬೇರೆ ತುಂಡು, ಅರ್ಕಾವತ್ತು ಬೇರೆ, ಕೆಲವು ಫಾಂಟ್‌ಗಳಲ್ಲಿ ದೀರ್ಘವೂ ಬೇರೆ. ಕತ್ತರಿಸುವವರು ಒಂದು ಕಡೆ, ಏಣಿ ಹತ್ತಿ ಅಂಟಿಸುವ ಹುಡುಗರು ಇನ್ನೊಂದು ಕಡೆ. ನಡುವೆ ಒಂದು ಸಣ್ಣ ತುಂಡು ಚೀಲದಲ್ಲೇ ಉಳಿದರೆ ಫರ್ನಿಚರ್ ಅಂಗಡಿ ಫನಿಚರ್ ಆಗುತ್ತದೆ. ಪ್ರತಿ ಅಕ್ಷರಕ್ಕೆ ಎಷ್ಟು ತುಂಡು ಎಂದು ಎಣಿಸಿ ಫೈಲ್ ಜೊತೆಗೇ ಬರೆದು ಕಳಿಸಿ. ಬೋರ್ಡ್‌ನ ನಿಜ ಅಳತೆಯಲ್ಲಿ ಒಂದು ಕಾಗದದ ಪ್ರಿಂಟ್ ಕೊಟ್ಟರೆ ಇನ್ನೂ ಚಲೋ. ಅದನ್ನು ಗೋಡೆಗೆ ಹಚ್ಚಿ ಅದರ ಮೇಲೇ ತುಂಡುಗಳನ್ನು ಕೂರಿಸಿದರೆ ಒತ್ತು ಯಾವ ಅಕ್ಷರದ ಕೆಳಗೆ, ಎಷ್ಟು ದೂರಕ್ಕೆ ಎಂದು ಅವರು ಮತ್ತೆ ಫೋನ್ ಮಾಡಿ ಕೇಳಬೇಕಾಗುವುದಿಲ್ಲ.